ತಿಂಗಳಿಗೆ 500 ರೂಪಾಯಿ: ಕರಡಿಗೋ, ನೀರುನಾಯಿಗೋ?

ಕೇಳಿದ್ದು, ಬಳ್ಳಾರಿಯಿಂದ:
ಹೋದ ಭಾನುವಾರ ಮಗಳನ್ನು ದರೋಜಿ ಕರಡಿಧಾಮಕ್ಕೆ ಕರೆದುಕೊಂಡು ಹೋಗಿದ್ದೆ. ಬಂಡೆಗೆ ಬಳಿದ ಬೆಲ್ಲ ನೆಕ್ಕೋಕೆ ತಾಯಿ ಕರಡಿ ಇಳಿದು ಬಂತು, ಬೆನ್ನ ಮೇಲೆ ಮರಿ. ಅಂದಿನಿಂದ ಇವಳದು ಒಂದೇ ಹಟ, ಕಾಡುಪ್ರಾಣಿಗಳನ್ನು ಕಾಯುವ ಕೆಲಸಕ್ಕೆ ನಾವೂ ಏನಾದರೂ ಕೊಡೋಣ ಅಂತ. ತಿಂಗಳಿಗೆ 500 ರೂಪಾಯಿ ಕೊಡಬಲ್ಲೆ. ಯಾರಿಗೆ, ಹೇಗೆ ಕೊಡಲಿ? ಕೊಟ್ಟು ಗೊತ್ತಿರುವವರು ಹೇಳಿ.

ಕೊಪ್ಪಳದಿಂದ:
ಆರು ವರ್ಷದಿಂದ ಕೊಡುತ್ತಿದ್ದೇನೆ ಸರ್. ಮೊದಲು ನಾನು ಮಾಡಿದ ತಪ್ಪು ಕೇಳಿ. ಹುಲಿ ಫೋಟೊ ನೋಡಿ ಮರುಳಾಗಿ ಒಂದು ಸಂಸ್ಥೆಗೆ ಆಟೊಪೇ ಹಾಕಿದೆ. ತಿಂಗಳಿಗೆ ಎರಡು ಸಲ ಫೋನು, ‘ಇನ್ನೂ ಸ್ವಲ್ಪ ಜಾಸ್ತಿ ಮಾಡಿ ಸರ್’ ಅಂತ. ದುಡ್ಡು ಎಲ್ಲಿ ಖರ್ಚಾಯಿತು ಅಂತ ಕೇಳಿದರೆ ಬಣ್ಣದ ಕ್ಯಾಲೆಂಡರ್ ಬಂತು! ಯುಪಿಐ ಆ್ಯಪ್‌ನಲ್ಲಿ ಆಟೊಪೇ ರದ್ದು ಮಾಡಿದೆ. ಎರಡು ನಿಮಿಷದ ಕೆಲಸ, ಹೆದರಬೇಡಿ.

ಈಗ ಯಾರೇ ಕೇಳಿದರೂ ನನ್ನ ಮೊದಲ ಪ್ರಶ್ನೆ: ಈ ದುಡ್ಡಲ್ಲಿ ಯಾರಿಗೆ ಸಂಬಳ ಕೊಡುತ್ತೀರಿ? ಸಂಬಳ, ಪೆಟ್ರೋಲು ಅಂದರೆ ಮೂಗು ಮುರಿಯುವವರಿದ್ದಾರೆ. ಒಂದೇ ಸಲ ದೊಡ್ಡ ದುಡ್ಡು ಬಂದರೆ ಪ್ರಾಣಿಗಳ ಓಡಾಟ ಹಿಡಿಯಲು ಕಾಡಲ್ಲಿ ಕಟ್ಟುವ ಕ್ಯಾಮೆರಾ ಕೊಳ್ಳಬಹುದು. ಅದರ ಸೆಲ್ ಬದಲಾಯಿಸಲು ಹೋಗುವ ಹುಡುಗನಿಗೆ ತಿಂಗಳಾ ತಿಂಗಳಾ ಸಂಬಳ ಬೇಕಲ್ವಾ? ನಿಮ್ಮ 500 ಕೆಲಸಕ್ಕೆ ಬರುವುದು ಅಲ್ಲಿ.

ನಾನು ಕೊಡುವುದು ನೀರುನಾಯಿ ಕೆಲಸಕ್ಕೆ. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರನ್ನು 2015ರಲ್ಲೇ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು. ಘೋಷಣೆ ಒಂದು, ದಂಡೆ ಕಾಯುವುದು ಇನ್ನೊಂದು. ಒಮ್ಮೆ ಈ ಕೆಲಸ ಮಾಡುವ ಸಂಸ್ಥೆಯ ಹುಡುಗರ ಜೊತೆ ಆನೆಗೊಂದಿ ಹತ್ತಿರ ಹೋಗಿದ್ದೆ. ಬಂಡೆ ಮೇಲೆ ನೀರುನಾಯಿ ಹಿಕ್ಕೆ ತೋರಿಸಿದರು. ಬರೀ ಮೀನಿನ ಹುರುಪೆ, ಮುಳ್ಳು, ನಾತ ಬೇರೆ. ಅಲ್ಲೇ ಒಬ್ಬ ಮೀನುಗಾರರು ಹರಿದ ಬಲೆ ಹೊಲಿಯುತ್ತಾ ಕೂತಿದ್ದರು. ‘ನೋಡ್ರಿ, ನಿಮ್ಮ ನಾಯಿ ಮಾಡಿದ ಕೆಲಸ’ ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಆ ಹುಡುಗರು ಮಾತ್ರ ಅವರ ಪಕ್ಕ ಕೂತು ಬಲೆ ಎಷ್ಟಕ್ಕೆ ಬಂತು, ಎಲ್ಲಿ ಬಿಟ್ಟಿದ್ದಿರಿ ಅಂತ ಅರ್ಧ ಗಂಟೆ ಮಾತಾಡಿದರು. ಅದನ್ನು ನೋಡಿಯೇ ನಾನು ಕೊಡಲು ಶುರು ಮಾಡಿದ್ದು. ಬಲೆಯ ವಿಷಯ ಎತ್ತದ ಸಂಸ್ಥೆಗೆ ನಾನಂತೂ ಕೊಡುವುದಿಲ್ಲ.

ರಾಯಚೂರಿಂದ:
ತೆರಿಗೆ ಲೆಕ್ಕ ಬರೆಯುವವನು ನಾನು, ಅದಷ್ಟೇ ಹೇಳುತ್ತೇನೆ. ದೇಣಿಗೆಗೆ ಸಿಗುವ ತೆರಿಗೆ ವಿನಾಯಿತಿ (80ಜಿ ಅಂತಾರಲ್ಲ, ಅದು) ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. ಹೊಸದಕ್ಕೆ ಹೋಗಿದ್ದರೆ ಆ ಆಸೆ ಬಿಡಿ. ಇಂಥ ಸಂಸ್ಥೆಗಳಿಗೆ ಕೊಟ್ಟರೆ ಸಾಮಾನ್ಯವಾಗಿ ಕೊಟ್ಟಿದ್ದರಲ್ಲಿ ಅರ್ಧ ನಿಮ್ಮ ಆದಾಯದಿಂದ ಕಳೆಯುತ್ತದೆ, ತೆರಿಗೆಯಿಂದಲ್ಲ. ತುಂಬಾ ಜನ ಇಲ್ಲೇ ಎಡವುತ್ತಾರೆ. 2000 ರೂಪಾಯಿ ದಾಟಿದರೆ ನಗದು ಕೊಡಬೇಡಿ, ಲೆಕ್ಕಕ್ಕೆ ಬರುವುದಿಲ್ಲ. ವರ್ಷದ ಕೊನೆಗೆ ಪ್ರಮಾಣಪತ್ರ ಕೇಳಿ ಪಡೆಯಿರಿ.

ಗಂಗಾವತಿಯಿಂದ:
ಮೃಗಾಲಯದಲ್ಲಿ ಪ್ರಾಣಿ ದತ್ತು ತೆಗೆದುಕೊಳ್ಳುವುದೂ ಇದೆ. ಕಮಲಾಪುರದಲ್ಲೇ ಮೃಗಾಲಯ ಇದೆಯಲ್ಲ, ವಿಚಾರಿಸಿ. ಮಕ್ಕಳಿಗೆ ಖುಷಿ. ಆದರೆ ಅದು ಒಳಗಿರುವ ಪ್ರಾಣಿಯ ಊಟಕ್ಕೆ, ಹೊರಗಿನ ಕಾಡಿಗಲ್ಲ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಇನ್ನು, ನಮ್ಮ ತೋಳವನ್ನು ಯಾರೂ ಕೇಳುವುದೇ ಇಲ್ಲ ನೋಡಿ! ಬಂಕಾಪುರದ ಕಡೆ ಕುರಿ ಕಾಯುವ ನಮ್ಮ ಮಾವ ಮರಿ ಹೋದಾಗ ಬೈಯುತ್ತಾನೆ, ಆದರೂ ‘ಅದರ ಪಾಲು ಅದು ಒಯ್ಯಿತು’ ಅಂತಾನೆ. ಅವನ ಪಾಲು ತುಂಬಿಕೊಡುವವರು ಯಾರಾದರೂ ಇದ್ದರೆ ನನಗೂ ತಿಳಿಸಿ.

ಬಳ್ಳಾರಿಯಿಂದ, ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಕೊಪ್ಪಳದ ಸರ್, ಆ ಹುಡುಗರು ಮುಂದಿನ ಸಲ ದಂಡೆಗೆ ಹೋಗುವಾಗ ನಮಗೂ ಹೇಳಿ. ನಿಮ್ಮದನ್ನು ಓದಿ ಹೇಳಿದ್ದೇ ತಪ್ಪಾಯಿತು. ಇವಳಿಗೆ ಈಗ ಆ ನಾತದ ಹಿಕ್ಕೆ ನೋಡಲೇಬೇಕಂತೆ.