ಸ್ಪೌಸ್ ವೀಸಾ ಎಕ್ಸ್‌ಟೆನ್ಶನ್ ಯಾವಾಗ ಹಾಕಬೇಕು? ವಸುಧಾ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಯುಕೆಗೆ ಸಂಗಾತಿ ವೀಸಾದಲ್ಲಿ ಬಂದವರು ಎರಡನೇ ವೀಸಾಗೆ ಯಾವಾಗ ಅರ್ಜಿ ಹಾಕಬೇಕು ಅನ್ನೋದು ಗುಂಪಿನಲ್ಲಿ ವಾರಕ್ಕೆ ಎರಡು ಸಲ ಬರುವ ಪ್ರಶ್ನೆ. ಇವತ್ತು ಸಂಜೆ ವಸುಧಾ ಮೇಡಂ ಉತ್ತರ ಕೊಡುತ್ತಾರೆ. ಅವರು ಇಲ್ಲಿ ಇಮಿಗ್ರೇಶನ್ ಸಾಲಿಸಿಟರ್. ಒಬ್ಬರು ಒಂದೇ ಪ್ರಶ್ನೆ ಕೇಳಿ. ಹೆಸರು ಬೇಡ ಅನ್ನುವವರು ನನಗೆ ಕಳಿಸಿ, ನಾನು ಹಾಕುತ್ತೇನೆ.

ವಸುಧಾ: ನಮಸ್ಕಾರ. ಮೊದಲೇ ಒಂದು ಮಾತು. ಇಲ್ಲಿ ನಾನು ಹೇಳೋದು ನಿಯಮ ಹೇಗಿದೆ ಅಂತ ಮಾತ್ರ. ನಿಮ್ಮ ಕಾಗದ ನೋಡದೆ ನಿಮ್ಮ ಕೇಸಿನ ಬಗ್ಗೆ ಭರವಸೆ ಕೊಡೋಕೆ ಆಗಲ್ಲ. ಫೀಸ್ ಎಷ್ಟು ಅಂತ ಕೇಳಬೇಡಿ, ಅದು ಬದಲಾಗುತ್ತಲೇ ಇರುತ್ತದೆ. ಹಾಕುವ ದಿನ ಸರ್ಕಾರದ ವೆಬ್‌ಸೈಟ್ ನೋಡಿ.

ಪವಿತ್ರಾ: ಮೇಡಂ, ನನ್ನ 33 ತಿಂಗಳ ವೀಸಾ 2024ರ ಮಾರ್ಚ್ 3ಕ್ಕೆ ಶುರುವಾಯ್ತು, 2026ರ ಡಿಸೆಂಬರ್ 3ಕ್ಕೆ ಮುಗಿಯುತ್ತೆ. ಊರಲ್ಲಿ ಕೆಲಸ ಬಿಡೋದು ತಡವಾಗಿ ಮೇ 28ಕ್ಕೆ ಇಲ್ಲಿಗೆ ಬಂದೆ. ಕೊನೇ ಗಳಿಗೆಯ ಗಲಾಟೆ ಬೇಡ ಅಂತ ಆರು ತಿಂಗಳು ಮುಂಚೆನೇ ಹಾಕಿಬಿಡೋಣ ಅಂತ ಯಜಮಾನರು ಹೇಳ್ತಿದಾರೆ. ಹಾಕಬಹುದಾ?

ವಸುಧಾ: ಹಾಕಬಹುದು, ಯಾರೂ ತಡೆಯಲ್ಲ. ಆದರೆ ನಿಮ್ಮಂಥವರು ಹಾಕಬಾರದು. ಒಂದು ಪೆನ್ನು ತಗೊಳ್ಳಿ, ಲೆಕ್ಕ ಹಾಕೋಣ.

ಪರ್ಮನೆಂಟ್ ಆಗೋದಕ್ಕೆ, ಅಂದರೆ ಐಎಲ್‌ಆರ್‌ಗೆ, 60 ತಿಂಗಳು ಆಗಬೇಕು. ಅದನ್ನು ನೀವು ಇಲ್ಲಿ ಕಾಲಿಟ್ಟ ದಿನದಿಂದ ಎಣಿಸಿ. ನಿಮಗೆ ಅದು 2029ರ ಮೇ 28. ಐಎಲ್‌ಆರ್ ಅರ್ಜಿ 28 ದಿನ ಮುಂಚೆ ಹಾಕಬಹುದು, ಅಂದರೆ ಏಪ್ರಿಲ್ 30ರಿಂದ.

ಈಗ ನೀವು ಬೇಗ ಹಾಕಿ, 2026ರ ಸೆಪ್ಟೆಂಬರ್ 1ಕ್ಕೆ ಒಪ್ಪಿಗೆ ಸಿಕ್ಕಿತು ಅಂದುಕೊಳ್ಳಿ. ಹೊಸ ವೀಸಾ ಒಪ್ಪಿಗೆಯಾದ ದಿನದಿಂದ 30 ತಿಂಗಳು. ಹಳೇ ವೀಸಾದಲ್ಲಿ ಎಷ್ಟೇ ದಿನ ಉಳಿದಿದ್ದರೂ ಅದರಲ್ಲಿ ಹೆಚ್ಚೆಂದರೆ 28 ದಿನ ಮಾತ್ರ ಸೇರಿಸಿ ಕೊಡುತ್ತಾರೆ, ಉಳಿದದ್ದು ಹೋಯಿತು. ಎಲ್ಲ ಸೇರಿ 2029ರ ಮಾರ್ಚ್ 29ಕ್ಕೆ ಮುಗಿಯುತ್ತದೆ. ಐಎಲ್‌ಆರ್ ಬಾಗಿಲು ತೆಗೆಯೋದು ಏಪ್ರಿಲ್ 30ಕ್ಕೆ. ನಡುವೆ ಒಂದು ತಿಂಗಳು ಖಾಲಿ. ಆ ಒಂದು ತಿಂಗಳಿಗಾಗಿ ಇನ್ನೊಂದು ಪೂರ್ತಿ ಎಕ್ಸ್‌ಟೆನ್ಶನ್, ಅರ್ಜಿ ಶುಲ್ಕ, ಅದರ ಮೇಲೆ ಮತ್ತೆ ಹೆಲ್ತ್ ಸರ್ಚಾರ್ಜ್, ಅಂದರೆ ಇಲ್ಲಿನ ಸರ್ಕಾರಿ ಆಸ್ಪತ್ರೆ ಸೇವೆಗೆ ವೀಸಾ ಜೊತೆ ಕಟ್ಟುವ ಹಣ. ಸರ್ಚಾರ್ಜೇ ವರ್ಷಕ್ಕೆ 1,035 ಪೌಂಡ್, ಎರಡೂವರೆ ವರ್ಷಕ್ಕೆ 2,587.50.

ವೀಸಾ ಶುರುವಾದ ಕೂಡಲೇ ಬಂದವರಿಗೆ ಇಷ್ಟು ಬಿಗಿ ಇರಲ್ಲ, 33ರಲ್ಲಿ ಮೂರು ತಿಂಗಳು ಕೈಯಲ್ಲಿರುತ್ತದೆ. ನೀವು ಆ ಮೂರು ತಿಂಗಳನ್ನು ಊರಲ್ಲೇ ಖರ್ಚು ಮಾಡಿದ್ದೀರಿ. ಕೊನೆಯ 28 ದಿನದೊಳಗೆ ಹಾಕಿ. ನವೆಂಬರ್ 5ರ ನಂತರ. ಅಲ್ಲಿವರೆಗೆ ಕಾಗದ ಜೋಡಿಸಿಕೊಳ್ಳಿ.

ಪವಿತ್ರಾ: ಅಯ್ಯೋ ದೇವರೇ. ಥ್ಯಾಂಕ್ಸ್ ಮೇಡಂ. ಈ ಮೆಸೇಜ್ ಯಜಮಾನರಿಗೆ ತೋರಿಸ್ತೀನಿ.

ಮಂಜುನಾಥ: 28 ದಿನದೊಳಗೆ ಹಾಕಿ ರಿಸಲ್ಟ್ ಬರೋ ಮೊದಲೇ ವೀಸಾ ಮುಗಿದರೆ? ಓವರ್‌ಸ್ಟೇ ಆಗಲ್ವಾ?

ವಸುಧಾ: ಆಗಲ್ಲ. ಮುಗಿಯುವ ಮೊದಲು ಅರ್ಜಿ ಹೋಗಿದ್ದರೆ, ತೀರ್ಮಾನ ಬರುವವರೆಗೂ ಹಳೇ ವೀಸಾ ಅದೇ ಷರತ್ತಿನಲ್ಲಿ ಮುಂದುವರಿಯುತ್ತದೆ. 1971ರ ಇಮಿಗ್ರೇಶನ್ ಆಕ್ಟ್, ಸೆಕ್ಷನ್ 3ಸಿ. ಕೆಲಸವೂ ಮಾಡಬಹುದು. ಅರ್ಜಿ ಹಾಕಿದ ದಿನ ಅಂದರೆ ಆನ್‌ಲೈನ್‌ನಲ್ಲಿ ಫೀಸ್ ಕಟ್ಟಿ ಕಳಿಸಿದ ದಿನ. ಬೆರಳಚ್ಚು ಕೊಟ್ಟ ದಿನ ಅಲ್ಲ.

ಗುರುರಾಜ್: ಇಷ್ಟೆಲ್ಲಾ ಟೆನ್ಶನ್ ಯಾಕೆ? ಇದು ಫಾರ್ವರ್ಡ್ ಆಗಿ ಬಂದಿದೆ, ಎಲ್ಲರಿಗೂ ಉಪಯೋಗ ಆಗುತ್ತೆ: "ವೀಸಾ ಮುಗಿದ ಮೇಲೂ 28 ದಿನ ಗ್ರೇಸ್ ಇರುತ್ತದೆ. ಆರಾಮಾಗಿ ಹಾಕಿ. ಎಲ್ಲರಿಗೂ ಶೇರ್ ಮಾಡಿ 🙏"

ವಸುಧಾ: ಗುರುರಾಜ್ ಅವರೇ, ದಯವಿಟ್ಟು ಅಳಿಸಿ. ಆ ನಿಯಮ 2016ರ ನವೆಂಬರ್‌ನಲ್ಲೇ ಸತ್ತಿದೆ. ಈಗ ಇರೋದು 14 ದಿನ. ಅದೂ ಗ್ರೇಸ್ ಅಲ್ಲ. ನಿಮ್ಮ ಕೈಮೀರಿದ ಗಟ್ಟಿ ಕಾರಣ ಇದ್ದು ಅದನ್ನು ಸಾಬೀತು ಮಾಡಿದರೆ ತಡವನ್ನು ಮನ್ನಿಸಬಹುದು, ಅಷ್ಟೇ. ತಡವಾಗಿ ಹಾಕಿದವರಿಗೆ 3ಸಿ ರಕ್ಷಣೆಯೂ ಇಲ್ಲ, ಕೆಲಸ ನಿಲ್ಲಿಸಬೇಕು.

ಗುರುರಾಜ್: ನಾನೇನು ಬರೆದಿದ್ದಲ್ಲ ಮೇಡಂ, ಬಂದಿದ್ದನ್ನ ಹಾಕ್ದೆ.

ದೀಪಕ್: ಮೇಡಂ, ನಮ್ಮ ಮದುವೆ ಸರ್ಟಿಫಿಕೇಟಲ್ಲಿ ಹೆಂಡತಿ ಹೆಸರಿನ ಇನಿಷಿಯಲ್ ಬೇರೆ, ಪಾಸ್‌ಪೋರ್ಟಲ್ಲಿ ಬೇರೆ ಇದೆ. ಮೊದಲನೇ ಸಲ ಕೇಳಿರಲಿಲ್ಲ. ಈ ಸಲ ತೊಂದರೆ ಆಗುತ್ತಾ?

ಸಂತೋಷ್: ನಾನು ಹೊಸ ಕೆಲಸಕ್ಕೆ ಸೇರಿ ಮೂರು ತಿಂಗಳು. ಹೆಂಡತಿ ವೀಸಾ ಇನ್ನು ಐದು ವಾರದಲ್ಲಿ ಮುಗಿಯುತ್ತೆ. ಆರು ತಿಂಗಳ ಪೇಸ್ಲಿಪ್ ಒಂದೇ ಕಂಪನಿದು ಬೇಕಂತೆ. ಆರು ತಿಂಗಳಾಗೋವರೆಗೆ ಕಾಯಲಾ? ಮೊದಲ ವೀಸಾಗೆ 2023ರಲ್ಲಿ ಅರ್ಜಿ ಹಾಕಿದ್ದು.

ವಸುಧಾ: ಕಾಯಬೇಡಿ! ವೀಸಾ ಮುಗಿದ ಮೇಲೆ ಪೇಸ್ಲಿಪ್ ಆರಿದ್ದೇನು, ಅರವತ್ತಿದ್ದೇನು. ಒಂದೇ ಕಂಪನಿಯಲ್ಲಿ ಆರು ತಿಂಗಳು ಅನ್ನೋದು ಆದಾಯ ತೋರಿಸುವ ನಿಯಮದಲ್ಲಿ ಕ್ಯಾಟಗರಿ ಎ. ನಿಮ್ಮದು ಬಿ. ಅದಕ್ಕೆ ಎರಡು ಲೆಕ್ಕ. ಈಗಿನ ಸಂಬಳ ವರ್ಷಕ್ಕೆ ಕನಿಷ್ಠ ಆದಾಯದ ಮಿತಿ ದಾಟಬೇಕು, ಕಳೆದ 12 ತಿಂಗಳಲ್ಲಿ ನಿಜವಾಗಿ ಬಂದ ಸಂಬಳವೂ ಮಿತಿ ದಾಟಬೇಕು. 12 ತಿಂಗಳ ಪೇಸ್ಲಿಪ್, ಅದೇ ಹಣ ಅಕೌಂಟಿಗೆ ಬಿದ್ದ ಸ್ಟೇಟ್‌ಮೆಂಟ್, ಕಂಪನಿ ಪತ್ರ. ಹೆಂಡತಿ ಇಲ್ಲಿ ಕೆಲಸ ಮಾಡುತ್ತಿದ್ದರೆ ಅವರ ಸಂಬಳವನ್ನೂ ಸೇರಿಸಬಹುದು, ಇದನ್ನು ಜನ ಮರೀತಾರೆ. 2024ರ ಏಪ್ರಿಲ್ 11ಕ್ಕಿಂತ ಮೊದಲು ಅರ್ಜಿ ಹಾಕಿ ಅದೇ ಸಂಗಾತಿ ಜೊತೆ ಮುಂದುವರಿಯುತ್ತಿರುವುದರಿಂದ ನಿಮಗೆ ಮಿತಿ 18,600 ಪೌಂಡ್. ಆ ದಿನದಿಂದ ಈಚೆಗೆ ಮೊದಲ ಅರ್ಜಿ ಹಾಕಿದವರಿಗಿರುವ 29,000 ಅಲ್ಲ.

ನಡುವೆ ಸಂಬಳ ಇಲ್ಲದ ತಿಂಗಳು ಇತ್ತಾ?

ಸಂತೋಷ್: ಇಲ್ಲ ಮೇಡಂ. ಶುಕ್ರವಾರ ಬಿಟ್ಟೆ, ಸೋಮವಾರ ಸೇರಿದೆ.

ವಸುಧಾ: ಒಳ್ಳೇದು. ಹಾಕಿ.

ಶಾರದಾ: 29,000 ಎಲ್ಲರಿಗೂ ಅಲ್ವಾ?

ವಸುಧಾ: ಮೇಲೆ ಬರೆದಿದ್ದೇನೆ.

ರೇಖಾ: ಮೇಡಂ, ಅರ್ಜಿ ಹಾಕಿ ಮೂರು ವಾರ ಆಯ್ತು. ವೀಸಾ ಮೊನ್ನೆ ಮುಗೀತು. ಊರಲ್ಲಿ ಅಪ್ಪನಿಗೆ ಹುಷಾರಿಲ್ಲ, ಐಸಿಯುನಲ್ಲಿದ್ದಾರೆ. ಹತ್ತು ದಿನ ಹೋಗಿ ಬರಬಹುದಾ?

ವಸುಧಾ: ರೇಖಾ, ಇದನ್ನು ಹೇಳೋದು ನನಗೂ ಕಷ್ಟ. ಈಗ ನೀವು ನಿಂತಿರೋದು 3ಸಿ ಮೇಲೆ. ತೀರ್ಮಾನಕ್ಕೆ ಮೊದಲು ದೇಶ ಬಿಟ್ಟರೆ ಅರ್ಜಿ ವಾಪಸ್ ತಗೊಂಡ ಹಾಗೆ. ಹಳೇ ವೀಸಾ ಮುಗಿದಿದೆ, ಹಾಗಾಗಿ ವಾಪಸ್ ಬರೋಕೆ ಕೈಯಲ್ಲಿ ಏನೂ ಉಳಿಯಲ್ಲ. ಊರಿನಿಂದ ಹೊಸದಾಗಿ ಹಾಕಬೇಕಾಗುತ್ತದೆ. ಆಸ್ಪತ್ರೆಯ ಪತ್ರ ತರಿಸಿ, ಬೇಗ ತೀರ್ಮಾನ ಮಾಡಿ ಅಂತ ಹೋಂ ಆಫೀಸಿಗೆ ಇವತ್ತೇ ಬರೆಯಿರಿ. ಮಾಡಲೇಬೇಕು ಅಂತೇನಿಲ್ಲ, ಆದರೆ ಕೇಳಿ. ಅಷ್ಟರಲ್ಲಿ ಹೋಗಲೇಬೇಕಾಗಿ ಬಂದರೆ, ಏನು ಕಳೆದುಕೊಳ್ಳುತ್ತೀರಿ ಅಂತ ತಿಳಿದೇ ಹೋಗಿ. ಅಪ್ಪನ ವಿಷಯದಲ್ಲಿ ಹೋಗಬೇಡಿ ಅಂತ ನಾನು ಹೇಳಲಾರೆ.

ಮಂಜುನಾಥ: ನಮ್ಮ ಫ್ರೆಂಡ್ ಒಬ್ಬ ಹೋಗಿ ಬಂದ, ಏನೂ ಆಗಲಿಲ್ಲ.

ವಸುಧಾ: ಅವರ ಹಳೇ ವೀಸಾದಲ್ಲಿ ದಿನ ಉಳಿದಿತ್ತೇನೋ. ಹಾಗಿದ್ದರೆ ಒಳಗೆ ಬರಬಹುದು, ಅರ್ಜಿ ಮಾತ್ರ ಬಿದ್ದುಹೋಗಿರುತ್ತದೆ. ಇನ್ನೊಬ್ಬರ ಕಥೆ ಹೇಳಿ ರೇಖಾ ಅವರನ್ನು ವಿಮಾನ ಹತ್ತಿಸಬೇಡಿ.

ಅಡ್ಮಿನ್: ಹೆಸರು ಬೇಡ ಅಂದವರ ಪ್ರಶ್ನೆ, ಹಾಗೇ ಹಾಕುತ್ತಿದ್ದೇನೆ:

"ನನ್ನ ವೀಸಾ ಇನ್ನು ಆರು ವಾರಕ್ಕೆ ಮುಗಿಯುತ್ತೆ. ಯಾವಾಗ ಹಾಕೋದು ಅಂತ ಕೇಳಿದ್ರೆ 'ನನಗೆ ತೋಚಿದಾಗ ಹಾಕ್ತೀನಿ, ಜಾಸ್ತಿ ಮಾತಾಡಿದ್ರೆ ವಾಪಸ್ ಕಳಿಸ್ತೀನಿ' ಅಂತಾರೆ. ಪಾಸ್‌ಪೋರ್ಟ್ ಅವರ ಬೀರುವಿನಲ್ಲಿದೆ, ಬೀಗದ ಕೈ ಅವರ ಬೈಕಿನ ಕೀ ಜೊತೆ ಇರುತ್ತೆ. ಇ-ವೀಸಾ ಅಕೌಂಟಿನ ಕೋಡ್ ಅವರ ಫೋನಿಗೆ ಬರುತ್ತೆ. ನನ್ನ ಸಂಬಳವೂ ಅವರ ಅಕೌಂಟಿಗೇ. ಹೊಡೆಯೋದೇನೂ ಇಲ್ಲ. ದೊಡ್ಡ ವಿಷಯ ಅಲ್ಲ. ಅವರಿಗೆ ಸಿಟ್ಟು ಬರದ ಹಾಗೆ ಹೇಗೆ ಕೇಳೋದು ಅಂತ ಹೇಳಿ ಸಾಕು."

ಗುರುರಾಜ್: ಸಂಸಾರ ಅಂದ್ಮೇಲೆ ಇದೆಲ್ಲ ಇದ್ದದ್ದೇ. ಆಫೀಸ್ ಟೆನ್ಶನ್ ಇರುತ್ತೆ ಗಂಡಸಿಗೆ. ಊಟ ಆದ್ಮೇಲೆ ಸಮಾಧಾನದಲ್ಲಿ ಕೇಳಮ್ಮ.

ಶಾರದಾ: ಪಾಸ್‌ಪೋರ್ಟ್ ಬೀರುವಲ್ಲಿಟ್ಟು ಬೀಗ ಹಾಕೋದು ಯಾವ ಸೀಮೆ ಟೆನ್ಶನ್ ಗುರುರಾಜ್?

ಗುರುರಾಜ್: ಕಳೆದುಹೋಗಬಾರದು ಅಂತ ಇಟ್ಟಿರಬಹುದು. ಒಂದು ಕಡೆ ಮಾತು ಕೇಳಿ ತೀರ್ಪು ಕೊಡೋದು ಬೇಡ.

ಶಾರದಾ: ಸಂಬಳವೂ ಕಳೆದುಹೋಗಬಾರದು ಅಂತ ಇಟ್ಕೊಂಡಿದಾರಾ?

ಪವಿತ್ರಾ: 👆👆

ವಸುಧಾ: ಇಬ್ಬರೂ ಸ್ವಲ್ಪ ನಿಲ್ಲಿಸಿ. ಇದನ್ನು ಕೇಳಿದವರು ಓದುತ್ತಿದ್ದೀರಿ ಅಂದುಕೊಂಡು ಬರೆಯುತ್ತೇನೆ.

ಮೊದಲು, ನಿಮ್ಮ ಫೋನನ್ನು ಅವರು ನೋಡುತ್ತಾರಾ? ನೋಡುತ್ತಾರೆ ಅಂದರೆ ಇಲ್ಲಿ ಇನ್ನೇನೂ ಬರೆಯಬೇಡಿ. ಅಡ್ಮಿನ್‌ಗೆ ಕಳಿಸಿದ ಮೆಸೇಜನ್ನೂ ಅಳಿಸಿ.

ನಿಮ್ಮನ್ನು ವಾಪಸ್ ಕಳಿಸೋ ಅಧಿಕಾರ ಅವರಿಗಿಲ್ಲ. ವೀಸಾ ಕೊಟ್ಟದ್ದು ಹೋಂ ಆಫೀಸ್, ರದ್ದು ಮಾಡಬಲ್ಲದ್ದೂ ಅದೇ. ಗಂಡ ಹೋಗಿ ದೂರು ಕೊಡಬಹುದು, ಸಂಬಂಧ ಮುರಿದಿದೆ ಅನ್ನಬಹುದು. ಆದರೆ 'ಕಳಿಸ್ತೀನಿ' ಅನ್ನೋದು ಅವರ ಕೈಲಿರೋ ಕೆಲಸ ಅಲ್ಲ. ಹೆದರಿಸೋಕೆ ಹೇಳುವ ಮಾತು ಅದು. ನನ್ನ ಆಫೀಸಿನಲ್ಲಿ ಇದೇ ವಾಕ್ಯವನ್ನು ಕನ್ನಡದಲ್ಲಿ, ತೆಲುಗಿನಲ್ಲಿ, ಹಿಂದಿಯಲ್ಲಿ ಕೇಳಿದ್ದೇನೆ.

ಎಕ್ಸ್‌ಟೆನ್ಶನ್ ಅರ್ಜಿ ನಿಮ್ಮದು. ಅರ್ಜಿದಾರರು ನೀವು, ಅವರು ಸ್ಪಾನ್ಸರ್. ಫಾರಂ ನೀವೇ ತುಂಬಬಹುದು. ಆದರೆ ಅವರ ಕಡೆ ಕಾಗದ ಬೇಕು, ಜೊತೆಯಲ್ಲೇ ಬಾಳುತ್ತೇವೆ ಅಂತ ಇಬ್ಬರೂ ಹೇಳಬೇಕು. ಆ ಮಾತು ನಿಜವಾಗಿ ಉಳಿದಿದೆಯಾ ಅಂತ ನೀವೊಬ್ಬರೇ ಕೂತು ಯೋಚಿಸಿ. ನನಗೆ ಉತ್ತರ ಬೇಡ.

'ಹೊಡೆಯೋದಿಲ್ಲ' ಅಂದಿರಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರ ಡೊಮೆಸ್ಟಿಕ್ ಅಬ್ಯೂಸ್ ಆಕ್ಟ್ ಪ್ರಕಾರ ಹೊಡೆಯಲೇಬೇಕು ಅಂತಿಲ್ಲ. ದುಡ್ಡು ಕಿತ್ತುಕೊಳ್ಳೋದು, ಹಿಡಿತದಲ್ಲಿಡೋದು ಎರಡೂ ದೌರ್ಜನ್ಯವೇ. ಈ ಕಾರಣಕ್ಕೆ ಮದುವೆ ಮುರಿದರೆ, ಬ್ರಿಟಿಷ್ ಪ್ರಜೆಯ ಅಥವಾ ಇಲ್ಲಿ ಪರ್ಮನೆಂಟ್ ಆದವರ ಸಂಗಾತಿಯಾಗಿ ವೀಸಾ ಪಡೆದವರು ನೇರವಾಗಿ ಐಎಲ್‌ಆರ್ ಕೇಳಬಹುದು. ಸಂಬಳದ ಮಿತಿ ಇಲ್ಲ, ಇಂಗ್ಲಿಷ್ ಪರೀಕ್ಷೆ ಇಲ್ಲ, ದುಡ್ಡಿಲ್ಲದಿದ್ದರೆ ಫೀಸ್ ಮನ್ನಾ ಕೇಳಬಹುದು. ಅರ್ಜಿ ಸಿದ್ಧವಾಗುವವರೆಗೆ ಮೂರು ತಿಂಗಳ ತಾತ್ಕಾಲಿಕ ಅನುಮತಿಯೂ ಇದೆ, ಅದರಲ್ಲಿ ಸರ್ಕಾರದ ನೆರವು ಸಿಗುತ್ತದೆ. ಆದರೆ ಎಚ್ಚರ. ಅದನ್ನು ತಗೊಂಡ ಕೂಡಲೇ ಈಗಿನ ಸ್ಪೌಸ್ ವೀಸಾ ಹೋಗುತ್ತದೆ. ರಾತ್ರಿ ಸಿಟ್ಟಿನಲ್ಲಿ ಕೂತು ಹಾಕುವ ಅರ್ಜಿ ಅಲ್ಲ ಅದು. ಮೊದಲು ವಕೀಲರನ್ನು ಕಾಣಿ. ಇಂಥ ಕೇಸಿಗೆ ಲೀಗಲ್ ಏಡ್ ಇದೆ.

ಪಾಸ್‌ಪೋರ್ಟಿಗಾಗಿ ಬೀರು ಒಡೆಯೋಕೆ ಹೋಗಬೇಡಿ. ಅವರು ಇಲ್ಲದಾಗ ಸಿಕ್ಕಿದರೆ ಪಾಸ್‌ಪೋರ್ಟಿನ ಫೋಟೋ ತಗೊಂಡು, ಅವರಿಗೆ ಗೊತ್ತಿಲ್ಲದ ಹೊಸ ಈಮೇಲಿಗೆ ಕಳಿಸಿಕೊಳ್ಳಿ. ಇ-ವೀಸಾ ಅಕೌಂಟಿನ ನಂಬರ್ ಬದಲಿಸಬಹುದು, ಆದರೆ ಬದಲಿಸಿದರೆ ಅವರಿಗೆ ಗೊತ್ತಾಗಬಹುದು. ಅದಕ್ಕೇ ಮೊದಲು ಯಾರ ಹತ್ತಿರವಾದರೂ ಮಾತಾಡಿ. ನ್ಯಾಷನಲ್ ಡೊಮೆಸ್ಟಿಕ್ ಅಬ್ಯೂಸ್ ಹೆಲ್ಪ್‌ಲೈನ್ 0808 2000 247, ಹಗಲು ರಾತ್ರಿ, ಫ್ರೀ. ದುಭಾಷಿ ಬೇಕು ಅಂತ ಕೇಳಿ. ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಅಂತ ಹೆಂಗಸರಿಗೆ ನೆರವಾಗುವ ಸಂಸ್ಥೆಯೂ ಇದೆ, ಅವರಿಗೆ ನಮ್ಮ ಕಡೆಯ ಮನೆಗಳು ಹೇಗಿರುತ್ತವೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಭಯ ಆದರೆ ಪೊಲೀಸರಿಗೆ, 999.

ಸಿಟ್ಟು ಬರದ ಹಾಗೆ ಹೇಗೆ ಕೇಳೋದು ಅಂದಿರಿ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲಮ್ಮ. ಆರು ವಾರ ಕಮ್ಮಿ ಅಲ್ಲ, ಜಾಸ್ತಿಯೂ ಅಲ್ಲ. ಈ ವಾರವೇ ಫೋನ್ ಮಾಡಿ.

ರೇಖಾ: 🙏 ಅಕ್ಕ, ನೀವ್ಯಾರೋ ಗೊತ್ತಿಲ್ಲ. ಧೈರ್ಯವಾಗಿರಿ.

ಗುರುರಾಜ್: ಹೆಂಗಸರಿಗೆ ಮಾತ್ರ ಕಾನೂನು ಈ ದೇಶದಲ್ಲಿ.

ವಸುಧಾ: ಗಂಡಸರಿಗೂ ಇದೇ ನಿಯಮ. ಗಂಡಸು ಕ್ಲೈಂಟುಗಳೂ ನನ್ನ ಹತ್ತಿರ ಬಂದಿದ್ದಾರೆ. ಮುಂದಿನ ಪ್ರಶ್ನೆ.

ಇಮ್ರಾನ್: ಮೇಡಂ, ಈಗ ಎಲ್ಲರಿಗೂ ಐಎಲ್‌ಆರ್ ಹತ್ತು ವರ್ಷ ಆಗಿದೆಯಂತೆ, ಫಾರ್ವರ್ಡ್ ನೋಡಿದೆ. ಮತ್ತೆ ಈ 28 ದಿನದ ಲೆಕ್ಕ ಎಲ್ಲ ಯಾಕೆ?

ವಸುಧಾ: ಮತ್ತೆ ಫಾರ್ವರ್ಡ್. ಹತ್ತು ವರ್ಷದ ಮಾತು ಬಂದದ್ದು 2025ರ ಮೇ ತಿಂಗಳ ಸರ್ಕಾರದ ಶ್ವೇತಪತ್ರದಲ್ಲಿ. ಬ್ರಿಟಿಷ್ ಪ್ರಜೆಗಳ ಸಂಗಾತಿಗಳಿಗೆ ಐದೇ ವರ್ಷ ಅಂತ ಅದರಲ್ಲೇ ಬರೆದಿದೆ. ಫಾರ್ವರ್ಡ್ ಮಾಡಿದವರು ಆ ಸಾಲು ಓದಿಲ್ಲ.

ಶಾರದಾ: ಇಂಗ್ಲಿಷ್ ಪರೀಕ್ಷೆ ಮತ್ತೆ ಬರೀಬೇಕಾ? ಮೊದಲು ಎ1 ಪಾಸಾಗಿದ್ದೆ.

ವಸುಧಾ: ಈಗ ಅದರ ಮೇಲಿನ ಮಟ್ಟ, ಎ2. ಬರೀಬೇಕು. ಹೋಂ ಆಫೀಸ್ ಒಪ್ಪಿದ ಕೇಂದ್ರದಲ್ಲೇ. ಮೊದಲೇ ಬಿ1 ಅಥವಾ ಡಿಗ್ರಿ ತೋರಿಸಿ ಒಪ್ಪಿಗೆಯಾಗಿದ್ದವರಿಗೆ ಬೇಡ.

ಸಂತೋಷ್: ಟಿಬಿ ಟೆಸ್ಟ್?

ವಸುಧಾ: ಇಲ್ಲಿಂದ ಹಾಕುವಾಗ ಬೇಡ.

ಮಂಜುನಾಥ: ಪೆಂಡಿಂಗ್ ಇರುವಾಗ ಕಂಪನಿಯವರು ವೀಸಾ ಎಲ್ಲಿ ಅಂತ ಕೇಳಿದ್ರೆ?

ವಸುಧಾ: ಎಂಪ್ಲಾಯರ್ ಚೆಕಿಂಗ್ ಸರ್ವಿಸ್‌ನಲ್ಲಿ ಅವರೇ ನೋಡಬೇಕು. ನೀವು ಕೆಲಸ ಮಾಡಬಹುದು ಅನ್ನುವ ಆರು ತಿಂಗಳ ಪತ್ರ ಅವರಿಗೆ ಬರುತ್ತದೆ.

ಇಮ್ರಾನ್: ಇಲ್ಲೇ ಹುಟ್ಟಿದ ಮಗುವಿಗೂ ಎಕ್ಸ್‌ಟೆನ್ಶನ್ ಹಾಕಬೇಕಾ? ನಾನು ಬ್ರಿಟಿಷ್.

ವಸುಧಾ: ಹುಟ್ಟಿದಾಗಲೂ ನೀವು ಬ್ರಿಟಿಷ್ ಆಗಿದ್ದರೆ ಮಗುವೂ ಬ್ರಿಟಿಷ್. ವೀಸಾ ಬೇಡ, ಪಾಸ್‌ಪೋರ್ಟ್ ಮಾಡಿಸಿ.

ಗುರುರಾಜ್: ನನ್ನ ಕಸಿನ್ ಊರಲ್ಲೇ ಕೂತು ಇದೆಲ್ಲ ಮಾಡಿಕೊಡ್ತಾನೆ, ಅರ್ಧ ರೇಟಿಗೆ. ಬೇಕಾದವರು ಇನ್‌ಬಾಕ್ಸ್ ಮಾಡಿ.

ಶಾರದಾ: 28 ದಿನ ಗ್ರೇಸ್ ಕೊಡಿಸೋದು ಇವರೇನಾ?

ವಸುಧಾ: ಈ ದೇಶದಲ್ಲಿ ವಕೀಲರಲ್ಲದವರು ನೋಂದಣಿ ಇಲ್ಲದೆ ಇಮಿಗ್ರೇಶನ್ ಸಲಹೆ ಮಾರುವುದು ಅಪರಾಧ. ನೋಂದಾದವರ ಪಟ್ಟಿ ಇಮಿಗ್ರೇಶನ್ ಅಡ್ವೈಸ್ ಅಥಾರಿಟಿ ವೆಬ್‌ಸೈಟಲ್ಲಿದೆ. ಊರಲ್ಲಿ ಕೂತವರನ್ನು ಯಾರೂ ಹಿಡಿಯಲ್ಲ, ಅರ್ಜಿ ಕೆಟ್ಟರೆ ಅನುಭವಿಸೋದು ನೀವು. ಅಡ್ಮಿನ್, ಆ ಪೋಸ್ಟ್ ತೆಗೀರಿ. ನಾನು ಹೊರಡುತ್ತೇನೆ, ಅಡುಗೆ ಇನ್ನೂ ಆಗಿಲ್ಲ.

ಶಾರದಾ: ಮೇಡಂ ಒಂದೇ ಒಂದು, ಆರು ತಿಂಗಳು ಮುಂಚೆ ಹಾಕಬಹುದಾ?

ಪವಿತ್ರಾ: ಮೇಲೆ ಓದ್ರೀ!

ದೀಪಕ್: ನನ್ನ ಇನಿಷಿಯಲ್ ಪ್ರಶ್ನೆ?

ಅಡ್ಮಿನ್: ಗುರುರಾಜ್ ಅವರ ಕೊನೇ ಪೋಸ್ಟ್ ತೆಗೆದಿದ್ದೇನೆ. ಹೆಸರು ಬೇಡ ಅಂದವರು ಈಗ ಬೇರೆ ನಂಬರಿನಿಂದ ಮೆಸೇಜ್ ಮಾಡಿದ್ದಾರೆ, ಮೇಡಂಗೆ ತಲುಪಿಸಿದೆ. ಕಾಮೆಂಟ್ ಮುಚ್ಚುತ್ತಿದ್ದೇನೆ. ದೀಪಕ್, ನಿಮ್ಮದು ಮುಂದಿನ ಸಲ.