ವಾರ್ಡ್ ಸಮಿತಿ ಮತ್ತು ಓಣಿಯ ಸುರಕ್ಷತೆ: ನಮ್ಮ ವೇದಿಕೆಯ ಸದಸ್ಯರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ (ಬಳ್ಳಾರಿಯ ಸದಸ್ಯೆಯೊಬ್ಬರಿಂದ):

ನಮಸ್ಕಾರ ಸರ್. ತಾವು ನಗರ ಸ್ಥಳೀಯ ಸಂಸ್ಥೆಗಳಲ್ಲಿ ಸಮುದಾಯ ಸಂಘಟನೆಯ ಕೆಲಸ ಮಾಡಿ ನಿವೃತ್ತರಾದವರು ಎಂಬ ಕಾರಣಕ್ಕೆ ತಮ್ಮನ್ನೇ ಕೇಳುತ್ತಿದ್ದೇನೆ. ನಮ್ಮ ಓಣಿಯ ಅನೇಕ ಹೆಣ್ಣುಮಕ್ಕಳು ಜೀನ್ಸ್ ಹೊಲಿಯುವ ಘಟಕಗಳಲ್ಲಿ ದುಡಿಯುತ್ತಾರೆ. ಆರ್ಡರ್ ಹೆಚ್ಚಿದ್ದ ದಿನ ಅವರು ಮನೆಗೆ ಮರಳುವಾಗ ರಾತ್ರಿ ಒಂಬತ್ತು ದಾಟಿರುತ್ತದೆ. ಮುಖ್ಯರಸ್ತೆಯಿಂದ ಒಳಗೆ ಬರುವ ದಾರಿಯಲ್ಲಿ ದೀಪ ಉರಿಯುವುದಿಲ್ಲ, ನಡುವೆ ಇರುವ ಖಾಲಿ ನಿವೇಶನದಲ್ಲಿ ಕುಡಿಯುವವರು ಕೂತಿರುತ್ತಾರೆ, ಈಚೆಗೆ ಒಬ್ಬರ ಕೊರಳಿನ ಸರ ಕೀಳುವ ಪ್ರಯತ್ನವೂ ನಡೆಯಿತು. ಒಂದು ಕಚೇರಿಗೆ ಹೋದರೆ ಇನ್ನೊಂದು ಕಚೇರಿಯ ಕಡೆ ಕೈ ತೋರಿಸುತ್ತಾರೆ. ವಾರ್ಡ್ ಸಮಿತಿಗೆ ಹೋಗಿ ಎಂದು ಒಬ್ಬರು ಹೇಳಿದರು. ಸಲಹೆ ಕೊಡುವ ಸಮಿತಿಯಿಂದ ನಿಜವಾಗಿಯೂ ಏನಾದರೂ ಆಗುತ್ತದೆಯೇ?

ಉತ್ತರ:

ಅಮ್ಮಾ, ಕೊನೆಯ ಸಾಲಿಗೆ ಮೊದಲು ಉತ್ತರಿಸುತ್ತೇನೆ. ಆಗುತ್ತದೆ; ಆದರೆ ಸಮಿತಿ ಇದೆ ಎಂದ ಮಾತ್ರಕ್ಕೆ ಆಗುವುದಿಲ್ಲ. ಸಭೆಯಲ್ಲಿ ಆಡಿದ ಮಾತು ನಡಾವಳಿ ಪುಸ್ತಕಕ್ಕೆ ಏರಬೇಕು, ಮುಂದಿನ ಸಭೆಯಲ್ಲಿ ಸಂಬಂಧಪಟ್ಟ ಅಧಿಕಾರಿ ಅದಕ್ಕೆ ಉತ್ತರ ಹೇಳಲೇಬೇಕಾದ ಸ್ಥಿತಿ ಬರಬೇಕು. ಆಗ ಕೆಲಸ ನಡೆಯುತ್ತದೆ.

ಈ ಸಮಿತಿ ಯಾರೋ ದಯೆಯಿಂದ ಕೊಟ್ಟದ್ದಲ್ಲ. 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯ 243 ಎಸ್ ವಿಧಿಯು, 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಲೇಬೇಕೆಂದು ಹೇಳುತ್ತದೆ. ಬಳ್ಳಾರಿಯ ಜನಸಂಖ್ಯೆ 2011ರ ಗಣತಿಯಲ್ಲಿಯೇ 4 ಲಕ್ಷ ದಾಟಿತ್ತು. ಇಲ್ಲಿರುವ 39 ವಾರ್ಡುಗಳಿಗೂ ಈ ಮಾತು ಅನ್ವಯಿಸುತ್ತದೆ. ರಾಜ್ಯದ 1976ರ ಮಹಾನಗರ ಪಾಲಿಕೆಗಳ ಅಧಿನಿಯಮಕ್ಕೆ 2011ರಲ್ಲಿ ತಂದ ತಿದ್ದುಪಡಿಯಂತೆ, ಆ ವಾರ್ಡಿನ ಪಾಲಿಕೆ ಸದಸ್ಯರೇ ಸಮಿತಿಯ ಅಧ್ಯಕ್ಷರು. ಅವರೊಂದಿಗೆ ನಾಮನಿರ್ದೇಶನಗೊಂಡ 10 ಮಂದಿ ಇರುತ್ತಾರೆ, ಅವರಲ್ಲಿ ಕನಿಷ್ಠ 3 ಮಂದಿ ಮಹಿಳೆಯರು, 2 ಮಂದಿ ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡದವರು, 2 ಮಂದಿ ನಿವಾಸಿಗಳ ಸಂಘದ ಪ್ರತಿನಿಧಿಗಳು ಆಗಿರಬೇಕು. ಬೀದಿದೀಪ, ಕಸ, ನೀರು, ಸಣ್ಣಪುಟ್ಟ ರಸ್ತೆ ದುರಸ್ತಿ, ವಾರ್ಡಿನ ಅಭಿವೃದ್ಧಿ ಯೋಜನೆ, ಬಂದ ಅನುದಾನ ಸರಿಯಾಗಿ ಖರ್ಚಾಗಿದೆಯೇ ಎಂಬ ನಿಗಾ, ಇವೆಲ್ಲ ಅದರ ಕೆಲಸಗಳು. ಈ ಪಟ್ಟಿಯಲ್ಲಿ ಸುರಕ್ಷತೆ ಎಂಬ ಪದ ಎದ್ದು ಕಾಣದಿರಬಹುದು. ಆದರೆ ತಾವು ಬರೆದ ದಾರಿಯನ್ನು ನೋಡಿ: ಅಲ್ಲಿನ ಅಪಾಯದ ಬಹುಪಾಲು ಈ ಪಟ್ಟಿಯಿಂದಲೇ ಹುಟ್ಟಿದೆ.

ಈಗ ಮಾಡಬೇಕಾದ ಕೆಲಸಕ್ಕೆ ಬರೋಣ. ರಾತ್ರಿ ಕೆಲಸದಿಂದ ಮರಳುವ ನಾಲ್ಕೈದು ಹೆಣ್ಣುಮಕ್ಕಳು, ಅವರ ಜೊತೆಗೆ ಸಮಿತಿಯ ಒಬ್ಬರಾದರೂ ಸದಸ್ಯರು, ಅವರು ಬರುವ ಹೊತ್ತಿಗೇ ಅದೇ ದಾರಿಯಲ್ಲಿ ನಡೆಯಿರಿ. ಹಗಲು ಹೋದರೆ ಏನೂ ತಿಳಿಯುವುದಿಲ್ಲ. ಪ್ರತಿ ಕಂಬದ ಮೇಲೆ ಬರೆದ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಿ. ದೀಪವೇ ಇಲ್ಲದ ಕಂಬ ಯಾವುದು, ದೀಪವಿದ್ದೂ ಉರಿಯದ್ದು ಯಾವುದು, ಉರಿದರೂ ಬೇವಿನ ಕೊಂಬೆ ಅಡ್ಡ ಬಂದು ಬೆಳಕು ನೆಲಕ್ಕೆ ಬೀಳದಿರುವುದು ಯಾವುದು, ಇವು ಮೂರೂ ಬೇರೆ ಬೇರೆ ಕೆಲಸಗಳು. ಮೊದಲನೆಯದಕ್ಕೆ ಪಾಲಿಕೆಯಿಂದ ಖರ್ಚಿನ ಅಂದಾಜುಪಟ್ಟಿ ಬೇಕು, ಎರಡನೆಯದು ನಿರ್ವಹಣೆಯ ಗುತ್ತಿಗೆದಾರರದ್ದು, ಮೂರನೆಯದಕ್ಕೆ ಕೊಂಬೆ ಕಡಿಯಲು ವಿದ್ಯುತ್ ಕಂಪನಿ ಜೆಸ್ಕಾಂನ ಲೈನ್‌ಮನ್ ತಂತಿಯಲ್ಲಿ ವಿದ್ಯುತ್ ನಿಲ್ಲಿಸಿ ಕೊಡಬೇಕಾಗುತ್ತದೆ. 'ನಮ್ಮ ಏರಿಯಾದಲ್ಲಿ ಲೈಟಿಲ್ಲ' ಎಂದು ಬರೆದರೆ ಈ ಮೂವರೂ ಅದು ತಮ್ಮದಲ್ಲ ಎನ್ನಬಹುದು. ಕಂಬದ ಸಂಖ್ಯೆ ಬರೆದರೆ ಹಾಗೆನ್ನಲು ಬರುವುದಿಲ್ಲ.

ಖಾಲಿ ನಿವೇಶನವನ್ನು ಸ್ವಚ್ಛವಾಗಿಡುವ ಹೊಣೆ ಅದರ ಮಾಲೀಕರದ್ದು. ಆಸ್ತಿ ತೆರಿಗೆಯ ದಾಖಲೆಯಿಂದ ಮಾಲೀಕರನ್ನು ಪತ್ತೆ ಹಚ್ಚಿ ಪಾಲಿಕೆಯಿಂದ ನೋಟಿಸ್ ಕೊಡಿಸುವಂತೆ ಸಮಿತಿ ಕೇಳಬಹುದು. ಅಲ್ಲಿ ಕುಡಿಯುವವರ ವಿಚಾರ ಪೊಲೀಸರ ವ್ಯಾಪ್ತಿಗೆ ಬರುತ್ತದೆ. ಅದನ್ನು ಬೀಟ್ ಸಿಬ್ಬಂದಿಗೆ, ಎಂದರೆ ನಿಮ್ಮ ಪ್ರದೇಶಕ್ಕೆ ನೇಮಿಸಿದ ಪೊಲೀಸರಿಗೆ, ಪ್ರತ್ಯೇಕ ಅರ್ಜಿಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸರ ಕೀಳುವ ಪ್ರಯತ್ನ ಮಾತ್ರ ಸಮಿತಿಗೆ ಒಯ್ಯುವ ವಿಷಯವಲ್ಲ. ಅದು ಅಪರಾಧ, ಠಾಣೆಯಲ್ಲಿಯೇ ದೂರು ದಾಖಲಾಗಬೇಕು, ಸರ ಉಳಿಯಿತಲ್ಲ ಎಂದು ಸುಮ್ಮನಾಗಬಾರದು.

ಪ್ರಶ್ನೆ (ಬಳ್ಳಾರಿಯ ಇನ್ನೊಬ್ಬ ಸದಸ್ಯರಿಂದ):

ಸರ್, ನಮ್ಮ ವಾರ್ಡಿನಲ್ಲಿ ಸಮಿತಿ ಇದೆಯೋ ಇಲ್ಲವೋ ಎಂಬುದೇ ಯಾರಿಗೂ ಗೊತ್ತಿಲ್ಲ. ಮೊದಲು ಏನು ಮಾಡಬೇಕು?

ಉತ್ತರ:

ಪಾಲಿಕೆಯ ಆಯುಕ್ತರಿಗೆ ಒಂದು ಪುಟದ ಅರ್ಜಿ ಬರೆಯಿರಿ. ಸಮಿತಿ ರಚನೆಯ ಆದೇಶ, ಸದಸ್ಯರ ಪಟ್ಟಿ, ಈವರೆಗೆ ನಡೆದ ಸಭೆಗಳ ನಡಾವಳಿ, ಇವಿಷ್ಟನ್ನು ಕೇಳಿ. ಉತ್ತರ ಬರದಿದ್ದರೆ ಇದೇ ಮಾಹಿತಿಯನ್ನು 10 ರೂಪಾಯಿ ಶುಲ್ಕದೊಂದಿಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿದರೆ 30 ದಿನಗಳೊಳಗೆ ಉತ್ತರಿಸಬೇಕಾಗುತ್ತದೆ. ಸಮಿತಿ ರಚನೆಯಾಗಿಲ್ಲವೆಂದು ತಿಳಿದುಬಂದರೆ, ಆಸಕ್ತಿಯುಳ್ಳ ಮತದಾರರು ನಾಮನಿರ್ದೇಶನಕ್ಕೆ ಅರ್ಜಿ ಕೊಟ್ಟು, ರಚನೆಗೆ ಒತ್ತಾಯಿಸಿ. ಮಂಗಳೂರಿನಲ್ಲಿ ನಾಗರಿಕರು ಹೈಕೋರ್ಟಿನ ಮೆಟ್ಟಿಲೇರಿದ ಮೇಲೆಯೇ ವಾರ್ಡ್ ಸಮಿತಿಗಳು ಅಸ್ತಿತ್ವಕ್ಕೆ ಬಂದವು ಎಂಬುದನ್ನು ನೆನಪಿಡಿ. ಬೆನ್ನು ಬಿಡದೆ ಕೇಳುವವರು ಇದ್ದಲ್ಲಿ ಮಾತ್ರ ಈ ಕಾನೂನು ನೆಲಕ್ಕೆ ಇಳಿದಿದೆ. ಅಷ್ಟರೊಳಗೆ ಪಾಲಿಕೆ ಸದಸ್ಯರನ್ನು ವಿರೋಧ ಕಟ್ಟಿಕೊಳ್ಳದೆ ಕಂಡು ಮಾತನಾಡಿ. ಅಧ್ಯಕ್ಷರಾಗುವವರು ಅವರೇ. ಸಮಿತಿಯಿಂದ ತಮ್ಮ ಅಧಿಕಾರ ಕುಂದುತ್ತದೆ ಎಂಬ ಅಳುಕು ಅವರಿಗಿದ್ದರೆ ಸಭೆ ಕರೆಯುವುದೇ ಇಲ್ಲ.

ಪ್ರಶ್ನೆ (ರಾಯಚೂರಿನ ಯುವಕರೊಬ್ಬರಿಂದ):

ನಮ್ಮ ಬಡಾವಣೆಯಲ್ಲಿ ಕಳ್ಳತನ ಹೆಚ್ಚಾಗಿದೆ. ಹುಡುಗರೆಲ್ಲ ಸೇರಿ ರಾತ್ರಿ ಗಸ್ತು ತಿರುಗಿ, ಅಪರಿಚಿತರನ್ನು ನಿಲ್ಲಿಸಿ ಗುರುತಿನ ಚೀಟಿ ಕೇಳಬೇಕೆಂದಿದ್ದೇವೆ. ಇದಕ್ಕೆ ಸಮಿತಿಯಿಂದ ಒಪ್ಪಿಗೆ ಪಡೆಯಬಹುದೇ?

ಉತ್ತರ:

ತಮ್ಮಾ, ನಿಮ್ಮ ಕಾಳಜಿ ದೊಡ್ಡದು. ಆದರೆ ಇದಕ್ಕೆ ಒಪ್ಪಿಗೆ ಕೊಡುವ ಅಧಿಕಾರ ಯಾವ ವಾರ್ಡ್ ಸಮಿತಿಗೂ ಇಲ್ಲ. ದಾರಿಯಲ್ಲಿ ಹೋಗುವವರನ್ನು ತಡೆದು ವಿಚಾರಿಸುವ ಹಕ್ಕು ಖಾಸಗಿ ವ್ಯಕ್ತಿಗಳಿಗೆ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮು, ಜಾಮೀನು ಹಕ್ಕಾಗಿ ಸಿಗದಂಥ ಸಂಜ್ಞೇಯ ಅಪರಾಧವನ್ನು (ಪೊಲೀಸರು ವಾರಂಟ್ ಇಲ್ಲದೆಯೇ ಬಂಧಿಸಬಹುದಾದದ್ದು) ಕಣ್ಣೆದುರೇ ಎಸಗಿದವನನ್ನು ಸಾರ್ವಜನಿಕರು ಹಿಡಿಯಬಹುದೆಂದು ಹೇಳುತ್ತದೆ. ಹಾಗೆ ಹಿಡಿದರೂ ವಿಳಂಬ ಮಾಡದೆ, ಹೆಚ್ಚೆಂದರೆ 6 ತಾಸಿನೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಅನುಮಾನದ ಮೇಲೆ ಹಿಡಿಯಲು ಅದರಲ್ಲಿ ಅವಕಾಶವಿಲ್ಲ.

ನಾನು ಇದನ್ನು ಇಷ್ಟು ಬಿಗಿಯಾಗಿ ಹೇಳಲು ಕಾರಣವಿದೆ. 2018ರ ಜುಲೈನಲ್ಲಿ ನಮ್ಮದೇ ಕಲ್ಯಾಣ ಕರ್ನಾಟಕದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಗುಂಪು, ಹೈದರಾಬಾದಿನಿಂದ ಬಂದಿದ್ದ ಯುವ ಇಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಿತು. ಆ ಗುಂಪಿನಲ್ಲಿದ್ದವರೂ ತಮ್ಮ ಊರನ್ನು ಕಾಯುತ್ತಿದ್ದೇವೆ ಎಂದೇ ತಿಳಿದಿದ್ದರು. ನಮ್ಮ ನಗರಗಳಿಗೆ ಹೊಲಿಗೆ ಕೆಲಸ, ಗಾರೆ ಕೆಲಸ, ಭತ್ತದ ಗಿರಣಿ ಎಂದು ಬೇರೆ ರಾಜ್ಯಗಳಿಂದ ದುಡಿಯಲು ಬಂದವರು ಬಹಳ ಮಂದಿ ಇದ್ದಾರೆ. ಕನ್ನಡ ಬಾರದ ಒಬ್ಬ ಹುಡುಗ ರಾತ್ರಿ ಪಾಳಿ ಮುಗಿಸಿ ನಿಮ್ಮ ಓಣಿಯಲ್ಲಿ ನಡೆದು ಬಂದರೆ ಅವನೇ ನಿಮಗೆ ಅಪರಿಚಿತ. ಅವನ ಸುರಕ್ಷತೆಯೂ ಆ ಓಣಿಯ ಸುರಕ್ಷತೆಯೇ.

ಹುಡುಗರ ಉತ್ಸಾಹವನ್ನು ಬೀಟ್ ವ್ಯವಸ್ಥೆಗೆ ಜೋಡಿಸಿ. ಠಾಣೆಯ ವ್ಯಾಪ್ತಿಯನ್ನು ಬೀಟ್‌ಗಳಾಗಿ ವಿಂಗಡಿಸಿ ಒಬ್ಬೊಬ್ಬ ಸಿಬ್ಬಂದಿಗೆ ವಹಿಸಿರುತ್ತಾರೆ. ನಿಮ್ಮ ಬೀಟ್ ಸಿಬ್ಬಂದಿ ಯಾರು, ಅವರ ಮೊಬೈಲ್ ಸಂಖ್ಯೆ ಏನು ಎಂಬುದು ಪ್ರತಿ ಮನೆಗೂ ಗೊತ್ತಿರಲಿ. ವಾರಗಟ್ಟಲೆ ಊರಿಗೆ ಹೋಗುವವರು ಬೀಗ ಹಾಕಿದ ಮನೆಯ ವಿಷಯವನ್ನು ಠಾಣೆಗೆ ತಿಳಿಸಿ ಹೋಗಲಿ. ತುರ್ತು ಕರೆಗೆ 112 ಇದೆ. ಪೊಲೀಸರೇ ಕರೆದು ಜೊತೆಗೆ ಗಸ್ತಿಗೆ ಬನ್ನಿ ಎಂದರೆ ಹೋಗಿ. ಕೈಯಲ್ಲಿ ಟಾರ್ಚು ಇರಲಿ, ದೊಣ್ಣೆ ಬೇಡ.

ಪ್ರಶ್ನೆ (ಬಳ್ಳಾರಿಯ ಹೊಸ ಬಡಾವಣೆಯೊಂದರ ನಿವಾಸಿಯಿಂದ):

ಎಲ್ಲರೂ ಚಂದಾ ಎತ್ತಿ ಸಿಸಿ ಟಿವಿ ಕ್ಯಾಮೆರಾ ಹಾಕಿಸಬೇಕೆಂದಿದ್ದೇವೆ. ಬೀದಿದೀಪದ ಬಗ್ಗೆ ಕೇಳಿದರೆ ಬಡಾವಣೆ ಇನ್ನೂ ಪಾಲಿಕೆಗೆ ಹಸ್ತಾಂತರವಾಗಿಲ್ಲ ಎಂಬ ಉತ್ತರ ಸಿಗುತ್ತಿದೆ.

ಉತ್ತರ:

ಮೊದಲು ದೀಪ, ಆಮೇಲೆ ಕ್ಯಾಮೆರಾ. ಕತ್ತಲಲ್ಲಿ ಅಗ್ಗದ ಕ್ಯಾಮೆರಾ ತೋರಿಸುವುದು ಮುಖವಿಲ್ಲದ ನೆರಳನ್ನು ಮಾತ್ರ, ಅದೂ ಘಟನೆ ನಡೆದ ಮೇಲೆ. ಬಡಾವಣೆ ಹಸ್ತಾಂತರವಾಗುವವರೆಗೆ ಮೂಲಸೌಕರ್ಯದ ಹೊಣೆ ಅದನ್ನು ಅಭಿವೃದ್ಧಿಪಡಿಸಿದವರ ಮೇಲೆಯೇ ಇರುತ್ತದೆ. ಆದ್ದರಿಂದ ಅರ್ಜಿಯನ್ನು ಅಭಿವೃದ್ಧಿದಾರರಿಗೆ, ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಹಾಗೂ ಪಾಲಿಕೆಗೆ ಒಂದೇ ದಿನ ಕೊಡಿ, ಒಂದರ ಪ್ರತಿಯನ್ನು ಇನ್ನೊಂದಕ್ಕೆ ಲಗತ್ತಿಸಿ. ಕ್ಯಾಮೆರಾ ಹಾಕಿಸುವುದಾದರೆ ಅದು ರಸ್ತೆಯತ್ತ ಮಾತ್ರ ಮುಖ ಮಾಡಿರಲಿ, ಯಾರ ಮನೆಯ ಬಾಗಿಲು, ಕಿಟಕಿಯೂ ಅದರಲ್ಲಿ ಬೀಳಬಾರದು. ದೃಶ್ಯಗಳನ್ನು ಯಾರು ನೋಡಬಹುದು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಗುಂಪುಗಳಲ್ಲಿ ಹಂಚುವುದಂತೂ ಕೂಡದು.

ಪ್ರಶ್ನೆ (ಕೊಪ್ಪಳದಿಂದ):

ನಮ್ಮದು ನಗರಸಭೆ. ನಮಗೆ ಇದು ಅನ್ವಯಿಸುವುದೇ?

ಉತ್ತರ:

2011ರ ಗಣತಿಯಂತೆ ಕೊಪ್ಪಳದ ಜನಸಂಖ್ಯೆ ಸುಮಾರು 70 ಸಾವಿರ. ಹೀಗಾಗಿ ಸಂವಿಧಾನದ ಆ ಕಡ್ಡಾಯ ನಿಮ್ಮ ಊರಿಗೆ ತಾಗುವುದಿಲ್ಲ. ಆದರೂ ವಾರ್ಡಿನ ಸದಸ್ಯರು ತಿಂಗಳಿಗೊಮ್ಮೆ ನಿವಾಸಿಗಳ ಸಭೆ ಕರೆದು ನಡಾವಳಿ ಬರೆಸಿ ಪೌರಾಯುಕ್ತರಿಗೆ ಕಳಿಸಲು ಯಾರ ಅಡ್ಡಿಯೂ ಇಲ್ಲ. ಗಣೇಶ ಚತುರ್ಥಿ, ಮೊಹರಂ ಮುಂತಾದ ಹಬ್ಬಗಳಿಗೆ ಮುನ್ನ ಠಾಣೆಯಲ್ಲಿ ಶಾಂತಿ ಸಭೆ ನಡೆಯುತ್ತದೆಯಲ್ಲ, ಅದಕ್ಕೆ ಬರುವ ಹಿರಿಯರನ್ನೇ ಈ ಸಭೆಗೂ ಕರೆಯಿರಿ. ವರ್ಷಕ್ಕೆ ಎರಡು ಸಲ ಮಾತ್ರ ಮುಖ ನೋಡುವವರು ಜಗಳದ ಹೊತ್ತಿನಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಕೇಳುವುದು ಕಷ್ಟ.

ಪ್ರಶ್ನೆ (ಮೊದಲು ಕೇಳಿದ ಸದಸ್ಯೆಯಿಂದ):

ಸರ್, ತಮ್ಮ ಉತ್ತರವನ್ನು ಓಣಿಯ ಹೆಂಗಸರಿಗೆ ಓದಿ ಹೇಳಿದೆ. ಸಭೆ ಮಧ್ಯಾಹ್ನ ಕಚೇರಿಯಲ್ಲಿ ನಡೆದರೆ ಒಂದು ದಿನದ ಕೂಲಿ ಬಿಟ್ಟು ಬರಲಾಗುವುದಿಲ್ಲ, ಬಂದರೂ ಅಲ್ಲಿ ಮಾತನಾಡಲು ಹಿಂಜರಿಕೆ ಎನ್ನುತ್ತಾರೆ.

ಉತ್ತರ:

ಅಮ್ಮಾ, ಸಮಿತಿಗಳು ಸೋಲುವುದು ಇಲ್ಲಿಯೇ. ನಾಮನಿರ್ದೇಶನ ಮಾಡುವಾಗ 3 ಮಹಿಳೆಯರ ಲೆಕ್ಕ ಭರ್ತಿಯಾಗುತ್ತದೆ, ಆದರೆ ಕತ್ತಲ ದಾರಿಯಲ್ಲಿ ನಡೆದು ಬರುವವಳು ಆ ಮೂವರಲ್ಲಿ ಇರುವುದಿಲ್ಲ. ಆದ್ದರಿಂದ ಸಭೆಯನ್ನು ಘಟಕಗಳಿಗೆ ರಜೆ ಇರುವ ದಿನ, ಅಂಗನವಾಡಿಯಲ್ಲೋ ಗುಡಿಯ ಕಟ್ಟೆಯ ಮೇಲೋ ದರ್ಗಾದ ಅಂಗಳದಲ್ಲೋ ನಡೆಸುವಂತೆ ಅಧ್ಯಕ್ಷರಿಗೆ ಲಿಖಿತವಾಗಿ ಕೇಳಿಕೊಳ್ಳಿ. ಸ್ತ್ರೀಶಕ್ತಿ ಸಂಘದ ಸಭೆ ಹೇಗೂ ನಡೆಯುತ್ತಿರುತ್ತದೆ. ಆ ದಿನ ಅರ್ಧ ತಾಸು ಇದಕ್ಕೇ ಮೀಸಲಿಟ್ಟು, ಅವರು ಹೇಳಿದ್ದನ್ನು ಒಬ್ಬರು ಬರೆದುಕೊಂಡು ಎಲ್ಲರ ಸಹಿ, ಹೆಬ್ಬೆಟ್ಟು ಪಡೆದು ಸಮಿತಿಗೆ ಸಲ್ಲಿಸಬಹುದು. ಹೀಗೆ ಮಾಡಿದರೆ ದೂರು ಹೇಳಿದ ಒಬ್ಬಳೇ ಹೆಣ್ಣುಮಗಳ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ. ಆಶಾ ಕಾರ್ಯಕರ್ತೆಯರನ್ನೂ ಪೌರಕಾರ್ಮಿಕರನ್ನೂ ಮರೆಯಬೇಡಿ. ನಸುಕಿನಲ್ಲಿ ಕಸ ಗುಡಿಸಲು ಬರುವವರಿಗೆ ಹಿಂದಿನ ರಾತ್ರಿ ಯಾವ ಮೂಲೆಯಲ್ಲಿ ಎಷ್ಟು ಖಾಲಿ ಬಾಟಲಿ, ಪ್ಯಾಕೆಟ್ ಬಿದ್ದಿದ್ದವು ಎಂಬುದು ಗೊತ್ತಿರುತ್ತದೆ. ಅವರನ್ನು ಕೂರಿಸಿ ಕೇಳಿದ ಸಭೆಗಳನ್ನು ನನ್ನ ಸೇವೆಯಲ್ಲಿ ಕಂಡದ್ದು ಬಹಳ ವಿರಳ.

ಅರ್ಜಿಯಲ್ಲಿ ಮೊದಲ ತಿಂಗಳು ಒಂದೇ ದಾರಿಯ ವಿಷಯ ಇರಲಿ, ಕಂಬಗಳ ಸಂಖ್ಯೆಯ ಸಮೇತ. ಊರಿನ ಎಲ್ಲ ಕಷ್ಟಗಳನ್ನೂ ಒಂದೇ ಹಾಳೆಯಲ್ಲಿ ಬರೆದರೆ ಯಾವುದಕ್ಕೂ ಉತ್ತರ ಬರುವುದಿಲ್ಲ. ಮುಂದಿನ ಸಭೆಯ ಮೊದಲ ವಿಷಯವಾಗಿ ಹಿಂದಿನ ಸಭೆಯ ಮೇಲೆ ಕೈಗೊಂಡ ಕ್ರಮದ ವರದಿಯನ್ನು ಓದಿಸಬೇಕೆಂಬ ಸಾಲನ್ನು ಅರ್ಜಿಯ ಕೊನೆಗೆ ತಪ್ಪದೆ ಸೇರಿಸಿ, ಸ್ವೀಕೃತಿಯ ಮೊಹರು ಬಿದ್ದ ಪ್ರತಿಯನ್ನು ಸಂಘದ ಪುಸ್ತಕದಲ್ಲಿ ಅಂಟಿಸಿಡಿ. ಕರಡು ಸಿದ್ಧವಾದರೆ ಇಲ್ಲಿಯೇ ಹಾಕಿ, ಕಳಿಸುವ ಮುನ್ನ ನೋಡಿ ತಿದ್ದಿಕೊಡುತ್ತೇನೆ.