ಸಹಾಯ ಬೇಕು: ಮಣಿಪಾಲದಲ್ಲಿ ಫ್ಲ್ಯಾಟ್ ದಿನ ಬಾಡಿಗೆಗೆ ಕೊಡಲು ಯಾವ ಅನುಮತಿ?

ಎಲ್ಲರಿಗೂ ನಮಸ್ಕಾರ. ಮಣಿಪಾಲದಲ್ಲಿ ನಮ್ಮದೊಂದು ಫ್ಲ್ಯಾಟ್ ಇದೆ. ಅಡ್ಮಿಷನ್, ಘಟಿಕೋತ್ಸವಕ್ಕೆ ಬರುವ ಅಪ್ಪ ಅಮ್ಮಂದಿರಿಗೆ, ಆಸ್ಪತ್ರೆಗೆ ಬರುವವರಿಗೆ ಎರಡು ಮೂರು ದಿನದ ಮಟ್ಟಿಗೆ ಏರ್‌ಬಿಎನ್‌ಬಿಯಲ್ಲಿ ಕೊಡೋಣ ಅಂತಿದ್ದೇವೆ. ಹೋಮ್‌ಸ್ಟೇ ಅಂತ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಲು ಮಾಲೀಕರು ಅಲ್ಲೇ ವಾಸವಿರಬೇಕು ಅಂತಾರೆ. ನಾವಿರುವುದು ಬೆಂಗಳೂರಿನಲ್ಲಿ. ಹಾಗಾದರೆ ಉಡುಪಿ ನಗರಸಭೆಯ ಟ್ರೇಡ್ ಲೈಸೆನ್ಸ್ ಸಾಕಾ? ಆಸ್ತಿ ತೆರಿಗೆ ವಾಣಿಜ್ಯ ದರಕ್ಕೆ ಹೋಗುತ್ತಾ? ವಿದೇಶಿಯರು ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು, ಅದು ಗೊತ್ತು.

ಅಸೋಸಿಯೇಷನ್‌ನವರದ್ದೇ ದೊಡ್ಡ ತಲೆನೋವು. ಲಿಫ್ಟ್ ಪಕ್ಕ ‘ದಿನ ಬಾಡಿಗೆ ನಿಷೇಧ’ ಅಂತ ಚೀಟಿ ಅಂಟಿಸಿದ್ದಾರೆ. ಸಹಿ ಇಲ್ಲ, ಸೀಲೂ ಇಲ್ಲ! ಬೈಲಾದಲ್ಲಿ ಇಲ್ಲದ್ದನ್ನು ಹೀಗೆ ಸುಮ್ನೆ ಹಾಕಬಹುದಾ? ಅಲ್ಲಿ ಲೈಸೆನ್ಸ್ ಮಾಡಿಸಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಏಜೆಂಟರ ನಂಬರ್ ಮಾತ್ರ ಬೇಡ.